ಪೇರಲಕ್ಕೆ ಹತ್ತಿದ ಹುರುಪಿ

ಶನಿವಾರ ಬೆಳಿಗ್ಗೆ ವೈಜನಾಥ ಒಂದು ಕೆನ್ನೆ ಹೆರೆದು ಇನ್ನೊಂದಕ್ಕೆ ಸಾಬೂನು ಹಚ್ಚಿಕೊಳ್ಳುತ್ತಿದ್ದಾಗ, "ನಿಮ್ಮ ಹುಳ ನನ್ನ ಕಣಗಿಲಕ್ಕ ಹತ್ಯಾವ, ಬಂದು ನೋಡ್ರಿ," ಎಂದು ಹೆಂಡತಿ ಪ್ರಫುಲ್ಲಾ ಮಾಳಿಗೆಯ ಮೇಲಿನಿಂದ ಕೂಗಿ ಹೇಳಿದಳು. ಗಿಡಕ್ಕೆ ಹತ್ತುವ ಹುಳಗಳ ಗುರುತು ಹಿಡಿದು ಹೆಸರಿಡುವುದು ಅವನ ಸರಕಾರಿ ಕೆಲಸ; ಮದುವೆಯಾದಾಗಿನಿಂದ ಅವಳು ಹಾಗೆಯೇ ಹೇಳುವುದು, ನಿಮ್ಮ ಹುಳ ಅಂತ. ಗಂಡನ ಕಡೆಯ ನೆಂಟರು ಹೇಳದೆ ಕೇಳದೆ ಬಂದು ಇಳಿದುಬಿಟ್ಟರು ಅನ್ನುವ ದನಿಯಲ್ಲಿ. ಅವನು ಸಾಬೂನಿನ ಮುಖದಲ್ಲೇ ಮೆಟ್ಟಿಲು ಹತ್ತಿದ. ಸುಲ್ತಾನ್ ಬಜಾರಿನ ಆ ಓಣಿಯಲ್ಲಿ ಮಾಳಿಗೆಗೆ ಮಾಳಿಗೆ ಅಂಟಿಕೊಂಡಿವೆ. ಪಕ್ಕದ ಮಾಳಿಗೆಯಲ್ಲಿ ಸೀರೆ ಒಣಹಾಕುತ್ತಿದ್ದ ಹೆಂಗಸು ಅವನನ್ನು ನೋಡಿ ಸೆರಗು ಬಾಯಿಗಿಟ್ಟುಕೊಂಡಳು. ಪ್ರಫುಲ್ಲಾ ಹಲ್ಲುಜ್ಜುವ ಹಳೆಯ ಬ್ರಶ್ಶು, ಒಂದು ತಂಬಿಗೆ ಸೀಗೆಕಾಯಿ ನೀರು ಇಟ್ಟುಕೊಂಡು ಕುಂಡದ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಳು. ಬ್ರಶ್ಶು ಟೊಂಗೆಗೆ ತಾಕುವ ಮೊದಲೇ ಅವನು ಅವಳ ಕೈ ಹಿಡಿದ. "ಮುಟ್ಟಬ್ಯಾಡ," ಅಂದ. ಅವಳು ಕೈ ಬಿಡಿಸಿಕೊಂಡು, "ಹೆಂಡತಿ ಕೈ ಹಿಡಿದು ಎಷ್ಟು ವರ್ಷ ಆಗಿತ್ತೋ, ಅದೂ ಹುಳದ ಸಲುವಾಗಿ," ಅಂದಳು. ಬೇರೆ ದಿನವಾಗಿದ್ದರೆ ಅವನೂ ನಗುತ್ತಿದ್ದ.

ಕಣಗಿಲದ ಕಾಂಡದ ಮೇಲೆ ಅವು ಸಾಲಾಗಿ ಕೂತಿದ್ದವು. ಕರಿ ಉದ್ದಿನ ಕಾಳಿನಷ್ಟು ಗಾತ್ರ, ಅದೇ ಕಪ್ಪು, ಅದೇ ಮಿರುಗು. ಭೂತಗನ್ನಡಿ ಬೇಕಾಗಲಿಲ್ಲ. ಹೈದರಾಬಾದಿನ ಬೇವು, ದಾಸವಾಳ, ಪಾರಿಜಾತ ಯಾವುದನ್ನು ಕೇಳಿದರೂ ಇವುಗಳ ಹೆಸರು ಹೇಳೀತು. ಅಷ್ಟು ಹಳೆಯದು, ಅಷ್ಟು ಸಾಮಾನ್ಯದ್ದು, ತನ್ನ ಪಾಡಿಗೆ ತಾನು ಒಂದಿಷ್ಟು ರಸ ಹೀರಿಕೊಂಡು ಇರುವ ಬಡಪಾಯಿ ಹುಳ. ಆಷಾಢದಲ್ಲಿ ಇವುಗಳನ್ನು ತಂದು ಈ ಗಿಡದ ಮೇಲೆ ಬಿಟ್ಟವನು ಅವನೇ. ಆಗ ಅವು ಕಣ್ಣಿಗೆ ಕಾಣದಷ್ಟು ಚಿಕ್ಕ ಹಳದಿ ಮರಿಗಳು. ಉಪ್ಪಲ್‌ನ ಸೂಗಪ್ಪನ ನರ್ಸರಿಯ ಪೇರಲ ಎಲೆಯಿಂದ ಕುಂಚದ ತುದಿಯಲ್ಲಿ ಎತ್ತಿ ತಂದಿದ್ದ. ಆ ಎಲೆಯ ಮೇಲಿದ್ದ ದೊಡ್ಡ ಹುಳಗಳು ಚಪ್ಪಟೆಯಾಗಿದ್ದವು, ಮಾಸಲು ಹಳದಿ, ಬೆನ್ನ ಮೇಲೆ ಕಂದು ಚುಕ್ಕೆ. ಅದನ್ನು ನೋಡಿ ಅವನು ಆಫೀಸಿಗೆ ಬರೆದುಕೊಟ್ಟಿದ್ದ: ಇದು ಸಮುದ್ರದಾಚೆಯದು, ಈ ದೇಶಕ್ಕೆ ಹೊಸದು, ಹಬ್ಬಿದರೆ ತೋಟಗಳು ಉಳಿಯುವುದಿಲ್ಲ. ಅವನ ಕೆನ್ನೆಯ ಸಾಬೂನು ಒಣಗಿ ಬಿಗಿಯತೊಡಗಿತು.

ಇಂಥ ಚಿಪ್ಪಿನ ಹುಳವನ್ನು, ಶಲ್ಕಕೀಟವನ್ನು, ನೋಡಿದವರು ಹುಳ ಅಂದುಕೊಳ್ಳುವುದೇ ಇಲ್ಲ. ಮೊಟ್ಟೆಯೊಡೆದ ಮರಿಗೆ ಕಾಲಿರುತ್ತವೆ, ಒಂದೆರಡು ದಿನ ಅಲ್ಲಿ ಇಲ್ಲಿ ಓಡಾಡುತ್ತದೆ; ಆಮೇಲೆ ಒಂದು ಜಾಗ ನೋಡಿ ಸೊಂಡಿಲು ಚುಚ್ಚಿ ಕೂತರೆ ಮುಗಿಯಿತು, ಅಲ್ಲೇ ಉಂಡು, ಅಲ್ಲೇ ಚಿಪ್ಪು ಕಟ್ಟಿಕೊಂಡು, ಅಲ್ಲೇ ಸಾಯುತ್ತದೆ. ಗಿಡಕ್ಕೆ ಕಜ್ಜಿಯಾಗಿ ಹಕ್ಕಳೆ ಕಟ್ಟಿದ ಹಾಗೆ ಕಾಣುವುದರಿಂದ ನರ್ಸರಿಯವರು ಅದಕ್ಕೆ ಹುರುಪಿ ಅನ್ನುತ್ತಾರೆ. ಇನ್ನೊಂದು ಗುಣವಿದೆ ಅದಕ್ಕೆ. ಒಂದೇ ತಾಯಿಯ ಮರಿಗಳು ಈ ಗಿಡದ ಮೇಲೆ ಗುಂಡಗಾಗುತ್ತವೆ, ಆ ಗಿಡದ ಮೇಲೆ ಉದ್ದಗಾಗುತ್ತವೆ. ಎಲೆಯ ಮೇಲೆ ಚಪ್ಪಟೆ, ಕಾಂಡದ ಮೇಲೆ ಡುಬ್ಬ. ಉಂಡ ಮನೆಯ ಬಣ್ಣ ಬರುವುದು ಅಂದರೆ ಹೀಗೆ. ಅದಕ್ಕೇ ಈ ಕೆಲಸದಲ್ಲಿ ಒಂದು ಕಟ್ಟುಪಾಡು: ಅನುಮಾನವಿದ್ದಾಗ ಮರಿಗಳನ್ನು ಇನ್ನೊಂದು ಜಾತಿಯ ಗಿಡದ ಮೇಲೆ ಬಿಡು, ಅವು ಪೂರ್ತಿ ಬೆಳೆದು ಮುಖ ತೋರಿಸುವವರೆಗೂ ಕಾಯಿ, ಆಮೇಲೆ ಹೆಸರಿಡು. ಹೊಸದಾಗಿ ಕೆಲಸಕ್ಕೆ ಬಂದವರಿಗೆಲ್ಲ ವೈಜನಾಥ ಇದನ್ನು ಹೇಳಿಕೊಡುತ್ತಿದ್ದ, ಬೆರಳೆತ್ತಿ ಹೇಳುತ್ತಿದ್ದ. ಅವನೂ ಮರಿ ಬಿಟ್ಟ. ಆದರೆ ಕಾಯಲಿಲ್ಲ. ಬಿಟ್ಟ ಮರುವಾರವೇ ಹೆಸರು ಬರೆದುಕೊಟ್ಟ, ಆಮೇಲೆ ಮಾಳಿಗೆಗೆ ಹೋಗುವುದನ್ನೇ ಬಿಟ್ಟ. ಮೊಣಕಾಲು ನೋವು ಅಂತ ಪ್ರಫುಲ್ಲಾಗೆ ಹೇಳಿದ್ದ, ಅವಳು ಎಣ್ಣೆಯನ್ನೂ ಕಾಸಿ ಕೊಟ್ಟಿದ್ದಳು.

ಒಂದು ಟೊಂಗೆ ಕತ್ತರಿಸಿ ಊಟದ ಡಬ್ಬಿಯಲ್ಲಿ ಹಾಕಿಕೊಂಡು ಅವನು ಮನೆ ಬಿಟ್ಟಾಗ ದವಡೆಯ ಕೆಳಗೊಂದು ಪಟ್ಟಿ ಗಡ್ಡ ಹಾಗೇ ಉಳಿದಿತ್ತು. ಸೂಗಪ್ಪನ ನರ್ಸರಿಗೆ ಮೊದಲು ಹೋದದ್ದು ಪ್ರಫುಲ್ಲಾಗೆ ಮಲ್ಲಿಗೆ ಬಳ್ಳಿ ಬೇಕಿತ್ತೆಂದು. ಮಾತಿನ ಮೊದಲ ಎಳೆಯಲ್ಲೇ ಗುರುತು ಸಿಕ್ಕಿತ್ತು. ಸೂಗಪ್ಪ ಹುಮನಾಬಾದ ಕಡೆಯವನು, ವೈಜನಾಥ ಭಾಲ್ಕಿಯವನು, ಇಬ್ಬರೂ ತೆಲುಗು ಬಿಟ್ಟು ಕನ್ನಡಕ್ಕೆ ಇಳಿದಿದ್ದರು. ಸೂಗಪ್ಪನ ಹೆಂಡತಿ ಸುಂದರಾಬಾಯಿ ಚಹಾ ಕೊಟ್ಟಳು, ಹೆಚ್ಚಿದ ಪೇರಲ ಹಣ್ಣಿಗೆ ಉಪ್ಪು ಖಾರ ಹಾಕಿ ಕೊಟ್ಟಳು. ಒಳಗೆ ರಕ್ತಗೆಂಪು ತಿರುಳು. ತಾಯಿ ಗಿಡ ಅವಳ ತವರಿನ ಹಿತ್ತಲಿನದಂತೆ. ಸಸಿಯನ್ನು ಎಣ್ಣೆ ಡಬ್ಬಿಯಲ್ಲಿಟ್ಟು ತೊಡೆಯ ಮೇಲೆ ಇಟ್ಟುಕೊಂಡು ಬಸ್ಸಿನಲ್ಲಿ ತಂದಿದ್ದಳಂತೆ. ಅದೇ ಈಗ ಅಂಗಳದ ನಡುವೆ ಮರವಾಗಿತ್ತು, ಅದರ ಟೊಂಗೆಗೆ ಗೂಟಿ ಕಟ್ಟಿ ಬೇರು ಬರಿಸಿ ಇಳಿಸಿದ ಸಸಿಗಳೇ ನರ್ಸರಿಯ ಮುಕ್ಕಾಲು ಪಾಲು ತುಂಬಿದ್ದವು, ಅವರ ಅನ್ನವೂ ಅದೇ. ಹೊರಡುವ ಹೊತ್ತಿಗೆ ಸೂಗಪ್ಪ ತಾನಾಗಿಯೇ ಒಂದು ಟೊಂಗೆ ಮುರಿದು ತಂದ. "ಸಾಹೇಬ್ರ, ನೀವು ನಮ್ಮ ಕಡಿಯವ್ರು. ಈ ಹುರುಪಿ ಯಾತರದ್ದು ನೋಡ್ರಿ. ಎಲಿ ಎಲ್ಲಾ ಮಸಿ ಹಿಡದಂಗ ಆಗಾಕತ್ತಾವ. ಏನರೆ ಒಂದು ಔಷಧ ಹೇಳ್ರಿ," ಅಂದ. ಅವನು ಕೇಳಿದ್ದು ಔಷಧ. ಒಂದಿಷ್ಟು ಸಾಬೂನು ನೀರು, ಬೇವಿನೆಣ್ಣೆ ಅಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು.

ಆಫೀಸಿನಲ್ಲಿ ಶನಿವಾರವಾದ್ದರಿಂದ ಯಾರೂ ಇರಲಿಲ್ಲ. ವೈಜನಾಥ ಆಷಾಢದಲ್ಲಿ ಮಾಡಿಟ್ಟಿದ್ದ ಗಾಜಿನ ಪಟ್ಟಿಯನ್ನು ತೆಗೆದು ಸೂಕ್ಷ್ಮದರ್ಶಕದ ಕೆಳಗಿಟ್ಟ. ಸೂಗಪ್ಪನ ಪೇರಲ ಎಲೆಯ ಹುಳವನ್ನು ಕಾಸ್ಟಿಕ್ಕಿನಲ್ಲಿ ಕಾಯಿಸಿ, ಒಳಗಿನದನ್ನೆಲ್ಲ ಒತ್ತಿ ತೆಗೆದು, ಗುಲಾಬಿ ಬಣ್ಣ ಕುಡಿಸಿ, ರಾಳದಲ್ಲಿ ಕೂರಿಸಿದ್ದ. ಅಂಥ ಚಂದದ ಪಟ್ಟಿಯನ್ನು ತಾನು ಮತ್ತೆ ಮಾಡಲಾರೆ ಅಂದುಕೊಂಡಿದ್ದ. ಆ ಮಧ್ಯಾಹ್ನದ ಸುಖ ಈಗಲೂ ಮೈಯಲ್ಲಿತ್ತು, ಅದಕ್ಕೇ ಅವನಿಗೆ ನಾಚಿಕೆಯಾಯಿತು. ಹೊರದೇಶದ ಪುಸ್ತಕದ ಚಿತ್ರ ಒಂದು ಕಣ್ಣಿಗೆ, ಈ ಗುಲಾಬಿ ದೇಹ ಇನ್ನೊಂದು ಕಣ್ಣಿಗೆ. ಎರಡೂ ಕೂಡಿಬಿಟ್ಟಾಗ ಎದೆ ಹಾರಿತ್ತು. ಆ ಪುಸ್ತಕದಲ್ಲಿ ಆ ಹುಳ ಕೂರುವ ಗಿಡಗಳಲ್ಲಿ ಪೇರಲವೂ ಇತ್ತು. ನಮ್ಮ ಕರಿ ಹುಳ ಪೇರಲದ ಮೇಲೆ ಕೂರುವುದನ್ನು ಇಷ್ಟು ವರ್ಷದಲ್ಲಿ ಅವನು ನೋಡಿರಲಿಲ್ಲ. ನೋಡಿರಲಿಲ್ಲ ಏಕೆಂದರೆ ಪೇರಲ ಗಿಡವನ್ನು ಒಂದು ದಿನವೂ ತಿರುವಿ ನೋಡಿರಲಿಲ್ಲ. ಹುಡುಕಲಿಲ್ಲ, ಆದ್ದರಿಂದ ಇಲ್ಲ ಅಂದುಕೊಂಡ. ಈಗ ನೋಡಿದರೆ ಗಾಜಿನ ಕೆಳಗಿನದು ಇನ್ನೂ ಬಲಿಯದ ಹೆಣ್ಣು. ಒಂದೆರಡು ವಾರ ಬಿಟ್ಟಿದ್ದರೆ ಅದೂ ಬಲಿತು ಕಪ್ಪಾಗುತ್ತಿತ್ತು. ಅವನಂಥ ಅನುಭವಸ್ಥನಿಗೆ ಅದು ಆಗ ಹೇಗೆ ಕಾಣಲಿಲ್ಲ ಎಂದು ಕೇಳಿದರೆ ಹೇಳಬೇಕಾದ್ದು ಒಂದೇ, ಕಾಣುವುದು ಬೇಡವಾಗಿತ್ತು.

ವಿಭಾಗದ ಮುಖ್ಯಸ್ಥ ಜಯತೀರ್ಥ ಆಫೀಸಿನ ಹಿಂದಿನ ಕ್ವಾರ್ಟರ್ಸಿನಲ್ಲೇ ಇದ್ದರು. ಧಾರವಾಡದವರು, ಮಾತು ಶುದ್ಧ, ಅಂಗಿಯೂ ಶುದ್ಧ. ವೈಜನಾಥನ ಬೀದರ್ ಮಾತನ್ನು ಮೀಟಿಂಗುಗಳಲ್ಲಿ ಅವರು ಅಣಕಿಸುತ್ತಿದ್ದುದುಂಟು, ಪ್ರೀತಿಯಿಂದಲೇ ಅನ್ನುವ ಹಾಗೆ. ಈ ಹೊಸ ಹುಳದ ಹೆಸರು ದಿಲ್ಲಿಗೆ ಹೋದ ಮೇಲೆ ಮಾತ್ರ ಅಣಕ ನಿಂತು "ನಮ್ಮ ವೈಜನಾಥರು" ಶುರುವಾಗಿತ್ತು. ಇಪ್ಪತ್ತು ವರ್ಷಗಳಿಂದ ಹಿಂದಿನ ಸಾಲಿನಲ್ಲಿ ಕೂತವನನ್ನು ಕರೆದು ಮುಂದೆ ಕೂರಿಸಿದ್ದರು. ಈಗ ಅವರು ಒಳಗೆ ಬಂದು ಕೂರಿ ಅನ್ನಲಿಲ್ಲ. ಪಡಸಾಲೆಯ ಬಾಗಿಲಲ್ಲೇ ನಿಂತು ಡಬ್ಬಿಯ ಮುಚ್ಚಳ ತೆಗೆದು ನೋಡಿದರು, ಅದರಲ್ಲಿ ನಿನ್ನೆಯ ಉಪ್ಪಿನಕಾಯಿಯ ವಾಸನೆ ಇನ್ನೂ ಇತ್ತು. "ಈಗ ಇದನ್ನ ತಂದು ಅದಲ್ಲ ಅಂದ್ರ ನಾ ಏನು ಮಾಡ್ಲಿ ಹೇಳ್ರಿ? ದಿಲ್ಲಿಗೆ ಹೋಗ್ಯದ, ಆರ್ಡರ್ ಬಂದದ, ಸೋಮವಾರ ಮಂದಿ ಹೋಗಿ ಆ ನರ್ಸರಿ ಪೇರಲ ಎಲ್ಲಾ ಸುಡವ್ರಿದ್ದಾರ," ಅಂದರು. ವೈಜನಾಥ, "ಅದಕ್ಕ ಬಂದೀನ್ರಿ. ಸೋಮವಾರದೊಳಗ ನಿಲ್ಲಸಬೇಕ್ರಿ. ನಾ ಬರದುಕೊಡ್ತೀನ್ರಿ, ತಪ್ಪು ನಂದ ಅಂತ," ಅಂದ. ಜಯತೀರ್ಥ ಟೊಂಗೆಯನ್ನು ಬೆಳಕಿಗೆ ಹಿಡಿದರು. "ಮರಿ ಬಿಟ್ಟ ಮ್ಯಾಲೆ ಗಿಡಕ್ಕ ಬಟ್ಟಿ ಕಟ್ಟಿದ್ರೇನು?" ಅಂತ ಕೇಳಿದರು. ಕಟ್ಟಿರಲಿಲ್ಲ. ಹೊರಗಿನ ಹುಳ ಬಂದು ಕೂರದಂತೆ ಗಿಡಕ್ಕೆ ತೆಳು ಬಟ್ಟೆಯ ಗವಸು ಕಟ್ಟಬೇಕು, ಅದೂ ಅವನೇ ಹೇಳಿಕೊಡುತ್ತಿದ್ದ ಪಾಠ. "ಇಲ್ಲರಿ," ಅಂದ. "ಮತ್ತ? ನೆರೆಮನಿ ದಾಸವಾಳದ ಮ್ಯಾಲಿಂದ ಬಂದಿದ್ದಾವು. ಇದು ಪುರಾವೆ ಅಲ್ಲ, ವೈಜನಾಥ. ಮೊದಲು ಆ ಗಡ್ಡ ಒಂದು ನೆಟ್ಟಗ ಮಾಡ್ಕೊಳ್ರಿ," ಅಂದು ಡಬ್ಬಿ ಮುಚ್ಚಿ ಕೈಗೆ ಕೊಟ್ಟರು. ವೈಜನಾಥರು ಮತ್ತೆ ಬರೀ ವೈಜನಾಥ ಆಗಿದ್ದ.

ಗೇಟು ದಾಟುವಾಗ ಅವನಿಗೆ ಹಗುರವೆನಿಸಿತು. ಅದನ್ನು ಅವನು ತಡವಾಗಿ ಗಮನಿಸಿದ, ಗಮನಿಸಿ ತನ್ನ ಮೇಲೆಯೇ ಹೇಸಿಗೆಯಾಯಿತು. ಹೇಳುವುದನ್ನು ಹೇಳಿಯಾಯಿತು, ದೊಡ್ಡವರು ಒಪ್ಪಲಿಲ್ಲ, ನನ್ನದೇನಿದೆ. ಹೀಗೆ ಒಂದು ಮಾತು ಒಳಗೆ ಆಗಲೇ ಹಾಸಿಗೆ ಬಿಚ್ಚಿಕೊಳ್ಳುತ್ತಿತ್ತು. ಇದೇ ಗೇಟಿನ ಪಕ್ಕದ ಕಲ್ಲುಬೆಂಚಿನ ಮೇಲೆ ಈ ಹಿಂದೆ ಸೂಗಪ್ಪ ಬಂದು ಕೂರುತ್ತಿದ್ದ. ಆರ್ಡರ್ ಹೊರಡುವ ಸುದ್ದಿ ಹಬ್ಬಿದ ಮೇಲೆ ಎರಡು ಮೂರು ಸಲ ಬಂದಿದ್ದ, ಟವೆಲ್ಲಿನಲ್ಲಿ ಹಣ್ಣು ಕಟ್ಟಿಕೊಂಡು. ವೈಜನಾಥ ಕಿಟಕಿಯಿಂದ ಅವನ ರುಮಾಲು ನೋಡಿ ಹಿಂದಿನ ಬಾಗಿಲಿನಿಂದ ಹೊರಟುಹೋಗಿದ್ದ, ಮೂತ್ರಾಲಯದ ಸಂದಿಯಲ್ಲಿ ಹಾಯ್ದು, ಪ್ಯಾಂಟಿನ ಅಂಚು ಎತ್ತಿಕೊಂಡು. ಆ ಹಣ್ಣನ್ನು ನರ್ಸರಿಯಿಂದ ಹೊರಗೆ ತರಬಾರದು ಅಂತ ಬರೆದುಕೊಟ್ಟವನೂ ಅವನೇ. ಪಾಪ, ಸೂಗಪ್ಪನಿಗೆ ಅದು ಗೊತ್ತಿರಲಿಲ್ಲ. ಜವಾನನ ಕೈಯಲ್ಲಿ ಕೊಟ್ಟು ಹೋಗಿದ್ದ. ವೈಜನಾಥ ಒಂದನ್ನು ತಿಂದಿದ್ದ, ಬಹಳ ರುಚಿಯಿತ್ತು. ಇಲ್ಲ, ಇವತ್ತು ಹೋಗಲೇಬೇಕು. ಸೂಗಪ್ಪನಿಗೆ ಖುದ್ದು ಹೇಳಬೇಕು. ಸೋಮವಾರ ಮಂದಿ ಬಂದರೆ ಬಾಗಿಲು ತೆರೆಯಬೇಡ, ನಾನೇ ಬಂದು ನಿಲ್ಲುತ್ತೇನೆ, ಕೆಲಸ ಹೋದರೆ ಹೋಗಲಿ. ಹೀಗೆ ಅಂದುಕೊಂಡಾಗ ಅವನಿಗೆ ಬಹಳ ದಿನಗಳ ಮೇಲೆ ತನ್ನ ಬೆನ್ನು ನೆಟ್ಟಗಿರುವುದು ತಿಳಿಯಿತು.

ಕೋಠಿಯಲ್ಲಿ ಉಪ್ಪಲ್ ಬಸ್ಸಿಗೆ ನೂಕುನುಗ್ಗಲು. ಔಷಧದ ಅಂಗಡಿಗಳ ಮುಂದಿನಿಂದ ಹತ್ತಿದ ಜನ, ಸೀರೆಯ ಗಂಟು ಹೊತ್ತವರು, ಹಳೆಯ ಪಠ್ಯಪುಸ್ತಕ ಕೊಂಡ ಹುಡುಗಿಯರು. ಡಬಲ್ ಡೆಕ್ಕರಿನ ಮೇಲಿನ ಮಹಡಿಯಲ್ಲಿ ಅವನಿಗೆ ನಿಲ್ಲಲು ಜಾಗ ಸಿಕ್ಕಿತು. ಡಬ್ಬಿಯನ್ನು ಎದೆಗೊತ್ತಿಕೊಂಡು ಅವನು ಹೇಳಬೇಕಾದ್ದನ್ನು ಜೋಡಿಸಿದ. ಸಣ್ಣವನಿದ್ದಾಗ ಉರ್ದು ಶಾಲೆ. 'ಗಲತಿ ಹೋಗಯಿ' ಅಂದರೆ ತಪ್ಪು ತನ್ನಷ್ಟಕ್ಕೆ ತಾನೇ ಆಗಿಹೋಯಿತು ಅನ್ನುವ ಹಾಗಿರುತ್ತದೆ, ಬಾಯಿಗೆ ಹಗುರ. ಆಫೀಸಿನಲ್ಲಿ ತೆಲುಗಿನವರು 'ಪೊರಪಾಟು' ಅನ್ನುತ್ತಾರೆ, ಅದೂ ಮೆತ್ತಗಿದೆ. ಸೂಗಪ್ಪನಿಗೆ ಹೇಳಬೇಕಾದದ್ದು ಕನ್ನಡದಲ್ಲಿ. ನಾ ತಪ್ಪು ಮಾಡೀನಿ. ಬರೀ ಮೂರು ಶಬ್ದ, ಎಲ್ಲೂ ಅಡಗಲು ಸಂದಿಯಿಲ್ಲ. ಕಂಡಕ್ಟರ್ ಭುಜ ತಟ್ಟಿ, "ಕ್ಯಾ ಮಿಯಾ, ಟಿಕೆಟ್ ಲೇತೇ ಕಿ ಖಾಲಿ ಬಾತಾ ಕರತೇ?" ಎಂದು, ಟಿಕೆಟ್ಟು ತಗೊಳ್ಳುತ್ತೀಯೋ ಬರೀ ಮಾತಾಡುತ್ತೀಯೋ ಅಂತ ಕೇಳಿದಾಗ ತಾನು ಗಟ್ಟಿಯಾಗಿ ಮಾತಾಡುತ್ತಿದ್ದುದು ಅರಿವಾಯಿತು. ಸುತ್ತಲಿದ್ದವರು ನಕ್ಕರು. ಒಬ್ಬ ಎದ್ದು ಜಾಗ ಕೊಟ್ಟ, ತಲೆ ಸ್ವಲ್ಪ ಕೆಟ್ಟವರಿಗೆ ಕೊಡುವ ಹಾಗೆ. ಅವನು ಕೂತ.

ಉಪ್ಪಲ್‌ನಲ್ಲಿ ಇಳಿದು ದ್ರಾಕ್ಷಿ ತೋಟದ ಬೇಲಿಗುಂಟ ನಡೆಯುವಾಗ ಮೊದಲು ಬಂದದ್ದು ಪ್ಲಾಸ್ಟಿಕ್ ಸುಟ್ಟ ವಾಸನೆ. ಯಾರೋ ಕಸ ಸುಡುತ್ತಿದ್ದಾರೆ ಅಂದುಕೊಂಡ. ಸೋಮವಾರ ಅಂದರೆ ಸೋಮವಾರ, ಸರಕಾರದ ಮಂದಿ ಹೇಳಿದ ದಿನಕ್ಕಿಂತ ಮೊದಲು ಎಂದಾದರೂ ಬಂದದ್ದುಂಟೆ? ಅದಕ್ಕೆ ಅವನಿಗೆ ನಗುವೂ ಬಂತು. ನರ್ಸರಿಯ ತಡಿಕೆ ಬಾಗಿಲು ತೆರೆದಿತ್ತು. ಒಳಗೆ ಮಲ್ಲಿಗೆಯ ಬಳ್ಳಿಗಳು, ಗುಲಾಬಿ, ಕರಿಬೇವು ತಮ್ಮ ತಮ್ಮ ಸಾಲಿನಲ್ಲಿ ಇದ್ದವು. ಅವುಗಳ ಆಚೆ, ಪೇರಲ ಸಸಿಗಳ ಮಡಿಗಳಿದ್ದಲ್ಲಿ, ನೆಲ ಬಯಲಾಗಿತ್ತು. ಅಂಗಳದ ನಡುವೆ ತಾಯಿ ಗಿಡದ ಬುಡ ಮೊಣಕಾಲೆತ್ತರಕ್ಕೆ ನಿಂತಿತ್ತು, ಕಡಿದ ಬಾಯಿ ಇನ್ನೂ ಒದ್ದೆ. ಅದರ ಪಕ್ಕದಲ್ಲಿ ದೊಡ್ಡ ಬೂದಿಯ ಗುಡ್ಡೆ, ಅದರೊಳಗೆ ಕರಗಿ ಗಡ್ಡೆಯಾದ ಕರಿ ಚೀಲಗಳು, ನಡುವೆ ಇನ್ನೂ ಕೆಂಡ. ಸೂಗಪ್ಪ ಕೋಲು ಹಿಡಿದು ಬೂದಿ ಕೆದಕುತ್ತಿದ್ದ. ವೈಜನಾಥನನ್ನು ನೋಡಿ ಕೋಲು ಬಿಟ್ಟು ರುಮಾಲು ಸರಿಮಾಡಿಕೊಂಡ. "ಬರ್ರಿ ಸಾಹೇಬ್ರ. ನೀವ ಬರ್ತೀರಿ ಅಂತ ಗೊತ್ತಿತ್ತು," ಅಂದ. ವೈಜನಾಥ ಬಾವಿಯ ಕಟ್ಟೆಗೆ ಒರಗಿದ.

"ಸೋಮವಾರ ಅಲ್ಲೇನು?" ಅಂತ ಕೇಳಿದ. ಸೂಗಪ್ಪ ಹೆಮ್ಮೆಯಿಂದಲೇ ಹೇಳಿದ. "ಸರಕಾರದ ಮಂದಿ ಬಂದು ಸುಡೂದು ಅಂದ್ರ ಮರ್ಯಾದಿ ಹೋಗೂ ಮಾತ್ರಿ. ಪೊಲೀಸರು ಬರ್ತಾರ, ಮಂದಿ ನಿಂತು ನೋಡ್ತಾರ. ನಮ್ಮ ಸಾಹೇಬ್ರು ಬರದಾರಂದ ಮ್ಯಾಲೆ ಅದು ಖರೇನ ಇರಬೇಕು. ಆಜೂಬಾಜೂ ತೋಟ ಅದಾವು, ಅವರಿಗೆ ಹತ್ತಿದ್ರ ಪಾಪ ನನಗ ಬರ್ತೈತಿ. ನಿನ್ನಿನ ನಾನ ಕಡದು ಹಾಕಿದೆ. ಇಕಿ ಕಾಲಿಗೆ ಬಿದ್ರೂ ಕೇಳಲಿಲ್ರಿ." ಮನೆಯ ಬಾಗಿಲಲ್ಲಿ ಸುಂದರಾಬಾಯಿ ನಿಂತಿದ್ದಳು, ಮುಖ ಊದಿತ್ತು. ಕಳೆದ ಸಲದ ಹಾಗೆ ಚಹಾ ಇಡುತ್ತೇನೆ ಅನ್ನಲಿಲ್ಲ. ವೈಜನಾಥ ಡಬ್ಬಿಯ ಮುಚ್ಚಳ ತೆಗೆದ. ಮುಚ್ಚಳ ಬಾವಿಯ ಕಲ್ಲಿಗೆ ಬಡಿದು ಸದ್ದಾಯಿತು. ಇಡೀ ದಾರಿ ಜೋಡಿಸಿಕೊಂಡು ಬಂದ ಮಾತನ್ನು ಅವನು ಹೇಳಿಯೇಬಿಟ್ಟ, ಎಲ್ಲೂ ತಡವರಿಸಲಿಲ್ಲ. "ಸೂಗಪ್ಪ, ನಾ ತಪ್ಪು ಮಾಡೀನಿ. ಇದು ಹೊರದೇಶದ್ದಲ್ಲ. ನಿನ್ನ ಪೇರಲದ ಮರಿನ ತಗೊಂಡು ಹೋಗಿ ನಮ್ಮ ಮನಿ ಕಣಗಿಲದ ಮ್ಯಾಲೆ ಬಿಟ್ಟಿದ್ದೆ. ನೋಡಿಲ್ಲೆ, ದೊಡ್ಡದಾಗಿ ಕಪ್ಪಾಗ್ಯಾವ. ಇದು ನಮ್ಮ ಹಳೇ ಕರಿ ಹುರುಪಿ. ಸಾಬೂನು ನೀರಿಗೆ ಹೋಗ್ತಿತ್ತು. ಸುಡೂದು ಬೇಕಾಗಿರಲಿಲ್ಲ."

ಸುಂದರಾಬಾಯಿ ಬಾಗಿಲು ಬಿಟ್ಟು ಎರಡು ಹೆಜ್ಜೆ ಮುಂದೆ ಬಂದಳು. ಅವಳಿಗೆ ತಿಳಿಯಿತು. ಅವಳಿಗೆ ತಿಳಿದದ್ದು ವೈಜನಾಥನಿಗೂ ತಿಳಿಯಿತು. "ಮತ್ತ ಇದನ್ನ ಮೊದಲ ಯಾಕ ಹೇಳಲಿಲ್ಲರಿ?" ಅಂದಳು, ಜಗಳದ ದನಿಯಲ್ಲಿ ಅಲ್ಲ, ನಿಜವಾಗಿ ತಿಳಿದುಕೊಳ್ಳಬೇಕೆಂದು ಕೇಳಿದ ಹಾಗೆ. ಅವನಿಗೆ ಉತ್ತರ ಗೊತ್ತಿತ್ತು. ಮುಂದಿನ ಸಾಲಿನ ಕುರ್ಚಿ, ವೈಜನಾಥರು, ಮೊಣಕಾಲಿಗೆ ಕಾಸಿದ ಎಣ್ಣೆ. ಅವನು ಡಬ್ಬಿಯನ್ನು ಸೂಗಪ್ಪನ ಕಡೆ ಚಾಚಿದ. ಸೂಗಪ್ಪ ಮಾತ್ರ ಹೆಂಡತಿಯ ಕಡೆ ನೋಡದೆ ಡಬ್ಬಿಯೊಳಗೆ ಬಗ್ಗಿ ನೋಡುತ್ತಿದ್ದ. ನೋಡುತ್ತ ನೋಡುತ್ತ ಅವನ ಮುಖ ಬಿಳಿಚಿಕೊಂಡಿತು. "ನಿಮ್ಮ ಮನಿಗೂ ಹತ್ತೇತ್ರಿ?" ಅಂದ. ವೈಜನಾಥ, "ಹತ್ತಿಲ್ಲೋ, ನಾನ ಬಿಟ್ಟಿದ್ದೆ," ಅಂದ. ಸೂಗಪ್ಪ ತಲೆಯಾಡಿಸಿದ. "ಸಾಹೇಬ್ರ, ನೀವು ಭಾಳ ದೊಡ್ಡ ಮನಸಿನವ್ರು. ನನಗ ಸಮಾಧಾನ ಆಗಲಿ ಅಂತ ಹೇಳಾಕತ್ತೀರಿ. ಹುಳ ಯಾರರೆ ತಮ್ಮ ಮನಿ ಗಿಡಕ್ಕ ತಾವ ಬಿಡ್ತಾರೇನ್ರಿ? ನನ್ನ ಮಲ್ಲಿಗಿ ಕುಂಡದ ಸಂಗಾಟ ಬಂದಾವ ಇವು. ನಾ ಕೊಟ್ಟ ಟೊಂಗಿ ಸಂಗಾಟ ಬಂದಾವ. ಅಕ್ಕಾರ ಗಿಡ ಎಲ್ಲಾ ಹೋದ್ವೇನ್ರಿ?" ಅಂತ ಪ್ರಫುಲ್ಲಾಳ ಗಿಡಗಳನ್ನು ಕೇಳಿದ. ವೈಜನಾಥ ಇನ್ನೊಂದು ಸಲ ಹೇಳಿದ, ಬಿಡಿಸಿ ಹೇಳಿದ, ಎಲೆಯ ಮೇಲೆ ಹೀಗೆ, ಕಾಂಡದ ಮೇಲೆ ಹೀಗೆ. ಸೂಗಪ್ಪ ಹೂಂ ಹೂಂ ಅನ್ನುತ್ತ ಕೇಳಿದ, ಜ್ವರ ಬಂದವರ ಮಾತು ಕೇಳುವ ಹಾಗೆ. ಅವನ ಕಣ್ಣು ಆಗಾಗ ಬೂದಿಯ ಕಡೆ ಹೋಗಿ ಬೆದರಿ ವಾಪಸು ಬರುತ್ತಿತ್ತು.

ಅವನು ನಂಬುವುದಿಲ್ಲ ಎಂದು ವೈಜನಾಥನಿಗೆ ಆಗ ಗೊತ್ತಾಯಿತು. ದಡ್ಡನೆಂದು ಅಲ್ಲ. ನಂಬಿದರೆ ಆ ಬೂದಿಗೆ ಅರ್ಥವೇ ಇಲ್ಲವಾಗುತ್ತದೆ. ನಿನ್ನೆ ತನ್ನ ಕೈಯಿಂದಲೇ ಕೊಡಲಿ ಹಾಕಿದ್ದು, ಹೆಂಡತಿ ಕಾಲಿಗೆ ಬಿದ್ದರೂ ಕೇಳದೆ ಹಾಕಿದ್ದು, ಏನೂ ಇಲ್ಲದ್ದಕ್ಕೆ ಆಗುತ್ತದೆ. ಸೂಗಪ್ಪ ಇದ್ದಕ್ಕಿದ್ದಂತೆ ಒಳಗೆ ಹೋದ. ಬಚ್ಚಲಮನೆಯಲ್ಲಿ ಏನೋ ಸರಿಸಿದ ಸದ್ದಾಯಿತು. "ಬ್ಯಾಡ್ರಿ," ಅಂದಳು ಸುಂದರಾಬಾಯಿ, ಆದರೆ ಜಾಗ ಬಿಟ್ಟು ಅಲುಗಲಿಲ್ಲ. ಅವನು ಎರಡೂ ಕೈಯಲ್ಲಿ ಒಂದು ಎಣ್ಣೆ ಡಬ್ಬಿ ಹಿಡಿದು ಹೊರಗೆ ಬಂದ. ಅದರಲ್ಲಿ ಗೇಣುದ್ದದ ಪೇರಲ ಸಸಿ, ನಾಲ್ಕು ಹೊಸ ಎಲೆ ಹೊಡೆದಿತ್ತು. "ಸುಳ್ಳು ಹೇಳಬಾರದ್ರಿ ನಿಮ್ಮ ಮುಂದ. ಇಕಿ ತಾಯಿ ಗಿಡಕ್ಕ ಗೂಟಿ ಕಟ್ಟಿ ಒಂದು ಇಳಿಸಿಕೊಂಡು ನೀರಿನ ಹಂಡೆದ ಹಿಂದ ಬಚ್ಚಿಟ್ಟಿದ್ಲು. ನನಗೂ ಗೊತ್ತಿತ್ರಿ, ಇರ್ಲಿ ಅಂತ ಸುಮ್ಮನಿದ್ದೆ. ತವರಿಂದಂತ ಒಂದರೆ ಉಳೀಲಿ ಅಂತ. ಆದ್ರ ನಿಮ್ಮ ಮನಿ ತನಕಾ ಬಂತಂದ ಮ್ಯಾಲೆ ಇನ್ನ ಇಡಬಾರದು," ಅಂದ. ವೈಜನಾಥ ಹೋಗಿ ಆ ಡಬ್ಬಿಗೆ ಕೈ ಹಾಕಿದ. "ಸುಡಬ್ಯಾಡೋ ಸೂಗಪ್ಪ. ನನ್ನಾಣೆ. ಇದಕ್ಕ ಏನೂ ಆಗಿಲ್ಲ," ಅಂದ. ಒಂದು ಗಳಿಗೆ ಇಬ್ಬರೂ ಆ ತಗಡಿನ ಡಬ್ಬಿಯನ್ನು ಎಳೆದಾಡಿದರು, ಒಬ್ಬ ಐವತ್ತು ದಾಟಿದವನು, ಇನ್ನೊಬ್ಬ ಅದಕ್ಕೂ ಹಿರಿಯನು. ಸೂಗಪ್ಪನ ಕೈ ಮಣ್ಣಿನ ಕೆಲಸದ ಕೈ. ವೈಜನಾಥನ ಬೆರಳು ಕೂದಲೆಳೆಯ ಕುಂಚ ಹಿಡಿದು ಮೆತ್ತಗಾದವು, ಬೇಗ ಸಡಿಲಾದವು. "ನೀವು ಹೀಂಗ ಕರುಣಾ ಮಾಡಿದ್ರ ನಾಳೆ ನಿಮ್ಮ ಹೆಸರು ಕೆಡ್ತೈತ್ರಿ. ನಮ್ಮ ಕಡಿ ಸಾಹೇಬ್ರ ಮಾತು ಸುಳ್ಳಾಗಬಾರದು," ಅಂದ ಸೂಗಪ್ಪ. ಸಸಿಯನ್ನು ಬೇರುಸಹಿತ ಕಿತ್ತು ಕೆಂಡದ ಮೇಲಿಟ್ಟ. ಆಮೇಲೆ ವೈಜನಾಥನ ಊಟದ ಡಬ್ಬಿಯಿಂದ ಕಣಗಿಲದ ಟೊಂಗೆಯನ್ನೂ ಎತ್ತಿ ಅದರ ಪಕ್ಕದಲ್ಲೇ ಇಟ್ಟ, ಜೋಪಾನವಾಗಿ.

ಹಸಿ ಎಲೆ ಮೊದಲು ಮುದುಡಿತು. ಕಣಗಿಲದ ಹಾಲು ಚಿಟಚಿಟ ಅಂದಿತು, ಕರಿ ಹುಳಗಳು ಒಂದೊಂದಾಗಿ ಸಿಡಿದವು. ಸುಂದರಾಬಾಯಿ ನೋಡುತ್ತ ನಿಂತಿದ್ದಳು, ಬೆಂಕಿಯನ್ನಲ್ಲ, ವೈಜನಾಥನನ್ನು. ಏನಾದರೂ ಹೇಳಿಯಾನು ಅಂತ ಕಾದ ಹಾಗಿತ್ತು. ಸೂಗಪ್ಪ ಬೂದಿಯ ಕೈಯನ್ನು ಧೋತರಕ್ಕೆ ಒರೆಸಿಕೊಂಡು ಬಂದು ವೈಜನಾಥನ ಮುಂದೆ ಬಗ್ಗಿದ, ಕಾಲು ಮುಟ್ಟಿದ. "ನಂದು ತಪ್ಪಾತ್ರಿ. ನನ್ನಿಂದ ನಿಮ್ಮ ಮನಿ ಗಿಡ ಕೆಟ್ವು. ಮನಸಿನಾಗ ಇಟ್ಕೋಬ್ಯಾಡ್ರಿ," ಅಂದ. ಅವನ ರುಮಾಲಿನ ತುಂಬ ಬೂದಿಯ ಎಸಳುಗಳು. ಇನ್ನೊಮ್ಮೆ ಹೇಳಬಹುದಿತ್ತು. ಅದೇ ಮೂರು ಶಬ್ದ. ಕರುಣೆಯಿಂದ ತಡೆದನೋ, ದಣಿವಿಗೋ, ಬೆಳಿಗ್ಗೆ ಗೇಟು ದಾಟುವಾಗ ಬಂದ ಆ ಹಗುರವೇ ಮತ್ತೆ ಬಂದಿತ್ತೋ, ಅವನಿಗೆ ತಿಳಿಯಲಿಲ್ಲ. ಬಗ್ಗಿದ ಆ ಬೆನ್ನಿನ ಮೇಲೆ ವೈಜನಾಥ ಕೈಯಿಟ್ಟ.

"ಇರಲಿ ಬಿಡು, ಸೂಗಪ್ಪ," ಅಂದ. "ಆಗಿದ್ದು ಆಗಿ ಹೋತು."

ಸೂಗಪ್ಪ ತಲೆಯೆತ್ತಿದಾಗ ಆ ಮುಖದಲ್ಲಿ ಸಮಾಧಾನವಿತ್ತು. ಸುಂದರಾಬಾಯಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.